‘ಕೇಳುಗರಿಗೆ ನಿಮ್ಮ ಸಂದೇಶವೇನು?’ ಎಂಬ ಪ್ರಶ್ನೆ ದಾಟಿ ಮುಂದೆ ಹೋಗೋಣ

ಹಾಸನ, ಚಿಕ್ಕಮಗಳೂರು ಭಾಗದ ರೇಡಿಯೊ ಕೇಂದ್ರಗಳ ಕಾರ್ಯಕ್ರಮ ಮುಖ್ಯಸ್ಥರಿಗೆ,

ನಮಸ್ಕಾರ.

ನಾನು ಸಕಲೇಶಪುರದ ಕಡೆಯವಳು. ಹಿಂದೆ ಕೆಲವು ವರ್ಷ ಒಂದು ಕೇಂದ್ರದಲ್ಲಿ ಅರೆಕಾಲಿಕ ಉದ್ಘೋಷಕಿಯಾಗಿದ್ದೆ. ಈಗ ಬರೀ ಕೇಳುವವಳು. ಸಿಗ್ನಲ್ ಚೆನ್ನಾಗಿ ಸಿಕ್ಕ ದಿನ ಅಡುಗೆಮನೆಯಲ್ಲಿ ಹಾಸನ ಆಕಾಶವಾಣಿಯ 102.2 ಹಾಕಿಕೊಂಡೇ ಕೆಲಸ ಶುರುಮಾಡುತ್ತೇನೆ.

ಸುತ್ತಿ ಬಳಸಿ ಹೇಳುವುದು ಬೇಡ. ನನ್ನ ಬೇಡಿಕೆ ಇಷ್ಟೇ. ನಿಮ್ಮಲ್ಲಿ ಒಬ್ಬ ಉದ್ಘೋಷಕರನ್ನು ಆರಿಸಿ. ಈ ಎರಡು ಜಿಲ್ಲೆಗಳಲ್ಲಿ, ಊರಿನವರಿಗೆ ತಲೆಬುಡ ಅರ್ಥವಾಗದ ಕೆಲಸ ಮಾಡುತ್ತಿರುವ ಒಬ್ಬ ಸಂಗೀತಗಾರನ ಬಳಿಯೋ ಕಲಾವಿದೆಯ ಬಳಿಯೋ ಅವರನ್ನು ಕಳಿಸಿ. ಒಂದು ಸಲ ಅಲ್ಲ. ಮತ್ತೆ ಮತ್ತೆ, ವರ್ಷಗಟ್ಟಲೆ. ಆಡಿದ ಮಾತನ್ನೆಲ್ಲ ರೆಕಾರ್ಡ್ ಮಾಡಿ. ಮಾಡಿದ್ದನ್ನೆಲ್ಲ ಉಳಿಸಿ.

ನಮ್ಮ ರೇಡಿಯೊ ಸಂದರ್ಶನದ ದಾರಿ ನಿಮಗೂ ಗೊತ್ತು, ನನಗೂ ಗೊತ್ತು. ಹುಟ್ಟಿದ ಊರು, ತಂದೆ ತಾಯಿ, ಗುರುಗಳು, ಬಂದ ಪ್ರಶಸ್ತಿಗಳು, ನಡುವೆ ಒಂದು ಹಾಡು. ಗಡಿಯಾರ ನೋಡಿ ಇನ್ನೆರಡು ನಿಮಿಷ ಇದೆ ಅನ್ನುವಾಗ, ‘ನಮ್ಮ ಕೇಳುಗರಿಗೆ ನಿಮ್ಮ ಸಂದೇಶವೇನು?’ ಪಾಪ, ಬಂದವರು ಏನು ಹೇಳಬೇಕು? ಶ್ರದ್ಧೆಯಿಂದ ಕಲಿಯಿರಿ, ಗುರುಹಿರಿಯರನ್ನು ಗೌರವಿಸಿ ಅನ್ನುತ್ತಾರೆ. ಜೀವನವಿಡೀ ಯಾರ ಮಾತಿಗೂ ಬಗ್ಗದ ಮನುಷ್ಯ ಕೂಡ ಆ ಎರಡು ನಿಮಿಷದಲ್ಲಿ ಹೆಡ್‌ಮಾಸ್ಟರ್ ಆಗಿಬಿಡುತ್ತಾನೆ.

ದಾಸರ ಪದ ಹಾಡುವವರ ಜೊತೆ ಈ ದಾರಿ ಹೇಗೋ ನಡೆಯುತ್ತದೆ. ಅವರ ಕೆಲಸ ಏನು ಅಂತ ಕೇಳುವವರಿಗೆ ಮೊದಲೇ ಗೊತ್ತಿರುತ್ತದೆ. ಆದರೆ ಮಾಡುತ್ತಿರುವುದು ಸಂಗೀತವೋ ಅಲ್ಲವೋ ಅನ್ನುವಲ್ಲೇ ಜಗಳ ಇದ್ದರೆ? ಆಗ ಅರ್ಧ ಗಂಟೆಯ ಸಂದರ್ಶನ ಕೋರ್ಟಿನ ಕಟಕಟೆಯಂತಾಗುತ್ತದೆ. ಇದನ್ನು ಯಾಕೆ ಮಾಡುತ್ತೀರಿ, ಇದರಿಂದ ಏನು ಉಪಯೋಗ, ಜನಕ್ಕೆ ಅರ್ಥವಾಗುತ್ತಾ? ಕಲಾವಿದ ಸಮರ್ಥನೆ ಕೊಡುತ್ತಾ ಕೂರುತ್ತಾನೆ. ಕೆಲಸದ ಬಗ್ಗೆ ಮಾತೇ ಬರುವುದಿಲ್ಲ.

ನನಗೆ ಈ ಹುಚ್ಚು ಹಿಡಿಸಿದ್ದು ನ್ಯೂಯಾರ್ಕಿನ ಒಂದು ರೇಡಿಯೊ ಕೇಂದ್ರದ ಹಳೇ ರೆಕಾರ್ಡಿಂಗು. ಕೇಂದ್ರದ ಹೆಸರು ಡಬ್ಲ್ಯೂಬಿಎಐ. 1966ರ ಜುಲೈನಿಂದ 1967ರ ಜನವರಿ ತನಕ ಜಾನ್ ಕೇಜ್ ಮತ್ತು ಮಾರ್ಟನ್ ಫೆಲ್ಡ್‌ಮನ್ ಎಂಬ ಇಬ್ಬರು ಸಂಗೀತ ರಚನೆಕಾರರು ಅಲ್ಲಿ ಐದು ಸಲ ಕೂತು ಮಾತಾಡಿದರು. ಕೇಜ್ ಯಾರು ಅಂತ ಕೆಲವರಿಗೆ ಗೊತ್ತಿರಬಹುದು. ಪಿಯಾನೊದ ತಂತಿಗಳ ನಡುವೆ ಸ್ಕ್ರೂ, ಬೋಲ್ಟು, ರಬ್ಬರ್ ಚೂರು ಸಿಕ್ಕಿಸಿ ಅದರ ದನಿಯನ್ನೇ ಬದಲಿಸಿದ ಮನುಷ್ಯ. 1952ರ ಆಗಸ್ಟ್ 29ರಂದು ಅವನ ಒಂದು ರಚನೆಯನ್ನು ‘ನುಡಿಸಲು’ ಡೇವಿಡ್ ಟ್ಯೂಡರ್ ಎಂಬ ಪಿಯಾನೊ ವಾದಕ ವೇದಿಕೆಗೆ ಬಂದು, 4 ನಿಮಿಷ 33 ಸೆಕೆಂಡು ಒಂದು ಸ್ವರವನ್ನೂ ನುಡಿಸದೆ ಕೂತು ಎದ್ದುಹೋದ. ಜನ ಸಿಟ್ಟಾದರು. ಆಗಬೇಕಾದ್ದೇ ಬಿಡಿ.

ಇಂಥ ಮನುಷ್ಯನನ್ನು ನಾವಾಗಿದ್ದರೆ ಏನು ಕೇಳುತ್ತಿದ್ದೆವು? ‘ಇದು ಸಂಗೀತ ಹೇಗಾಗುತ್ತದೆ ಸಾರ್?’ ಆ ಐದು ಮಾತುಕತೆಗಳಲ್ಲಿ ಆ ಪ್ರಶ್ನೆ ಕೇಳಲು ಎದುರಿಗೆ ಯಾರೂ ಇಲ್ಲ. ಇಬ್ಬರೂ ಹಳೇ ಗೆಳೆಯರು. ಸಿಗರೇಟು ಹಚ್ಚುತ್ತಾರೆ, ನಗುತ್ತಾರೆ, ಸುಮ್ನೆ ಇರುತ್ತಾರೆ. ಫೆಲ್ಡ್‌ಮನ್ ಒಂದು ದೂರು ತೆಗೆಯುತ್ತಾನೆ. ಸಮುದ್ರದ ದಂಡೆಗೆ ಹೋಗಿದ್ದೆ, ಎಲ್ಲಿ ನೋಡಿದರೂ ಟ್ರಾನ್ಸಿಸ್ಟರ್, ರಾಕ್ ಅಂಡ್ ರೋಲ್ ಗಲಾಟೆ, ತಡೆಯಲಾಗಲಿಲ್ಲ ಅಂತ. ಕೇಜ್ ನಗುತ್ತಾ ಉತ್ತರ ಕೊಡುತ್ತಾನೆ. ನನಗೂ ರೇಡಿಯೊ ಆಗುತ್ತಿರಲಿಲ್ಲ, ಅದಕ್ಕೇ ರೇಡಿಯೊಗಳನ್ನೇ ಇಟ್ಟುಕೊಂಡು ಒಂದು ರಚನೆ ಮಾಡಿದೆ. ಈಗ ಎಲ್ಲಾದರೂ ರೇಡಿಯೊ ಕೇಳಿಸಿದರೆ ‘ಓ, ನನ್ನ ರಚನೆ ನುಡಿಸುತ್ತಿದ್ದಾರೆ’ ಅನ್ನಿಸುತ್ತದೆ ಎಂಬರ್ಥದ ಮಾತು.

ಆ ರಚನೆ ನಿಜಕ್ಕೂ ಇದೆ. 1951ರದ್ದು. ವೇದಿಕೆಯ ಮೇಲೆ 12 ರೇಡಿಯೊ, 24 ಜನ. ಒಂದೊಂದು ರೇಡಿಯೊಗೆ ಇಬ್ಬರು. ಒಬ್ಬರು ಸ್ಟೇಷನ್ ತಿರುಗಿಸುವವರು, ಇನ್ನೊಬ್ಬರು ಸೌಂಡ್ ಏರಿಸಿ ಇಳಿಸುವವರು. ಮೊದಲ ಪ್ರದರ್ಶನ ರಾತ್ರಿ ಎಷ್ಟು ತಡವಾಯಿತೆಂದರೆ, ಹಲವು ಸ್ಟೇಷನ್‌ಗಳು ಅಷ್ಟರಲ್ಲಿ ಮುಚ್ಚಿದ್ದವು. ಬರೀ ಗೊರಗೊರ. ಕೇಜ್‌ಗೆ ಅದೇನೂ ತೊಂದರೆಯಾಗಲಿಲ್ಲ. ಮೀಡಿಯಂ ವೇವ್ ಕಾಲದ ಕೇಳುಗರಾದ ನಮಗೆ ಆ ಗೊರಗೊರ ಹೊಸದೇನಲ್ಲ, ಅಲ್ವಾ? ಮಳೆಗಾಲದಲ್ಲಿ ಘಟ್ಟದ ಅಂಚಿನ ಮನೆಗಳಲ್ಲಿ ಎಷ್ಟು ಜನ ಒಬ್ಬರು ಏರಿಯಲ್ ಹಿಡಿದು, ಇನ್ನೊಬ್ಬರು ಮುಳ್ಳು ತಿರುಗಿಸಿ ವಾರ್ತೆ ಕೇಳಿದ್ದೇವೆ!

ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಕೇಜ್ ಮಾತುಗಾರ. ಸಂದರ್ಶನಕ್ಕೆ ಹೋದವರಿಗೆಲ್ಲ ಕೊಡಲು ಅವನ ಬಳಿ ತಯಾರಾದ ಕಥೆಗಳಿದ್ದವು. ಹಾರ್ವರ್ಡಿನ ಸದ್ದಿಲ್ಲದ ಕೋಣೆಗೆ ಹೋಗಿ ಕೂತಾಗಲೂ ಎರಡು ಸದ್ದು ಕೇಳಿಸಿದ ಕಥೆ. ಇಟಲಿಯ ಟಿವಿ ಕ್ವಿಜ್‌ನಲ್ಲಿ ಅಣಬೆಗಳ ಬಗ್ಗೆ ಉತ್ತರ ಹೇಳಿ 1959ರಲ್ಲಿ 50 ಲಕ್ಷ ಲಿರಾ ಗೆದ್ದ ಕಥೆ. (ಅಣಬೆಯ ವಿಷಯದಲ್ಲಿ ಈತ ನಮ್ಮ ಮಲೆನಾಡಿನವರ ಜೊತೆ ಚೆನ್ನಾಗಿ ಹೊಂದಿಕೊಳ್ಳುತ್ತಿದ್ದ. ಗುಡುಗಿನ ಮಳೆ ಬಿದ್ದ ಮಾರನೇ ಬೆಳಗ್ಗೆ ಅವನನ್ನು ಮನೆಯಲ್ಲಿ ಕೂರಿಸುವುದು ಕಷ್ಟವಾಗುತ್ತಿತ್ತು.) ಒಂದೊಂದು ನಿಮಿಷದ 90 ಕಥೆಗಳನ್ನು ಓದಿ ಒಂದು ರೆಕಾರ್ಡನ್ನೇ ಮಾಡಿದವನು ಅವನು. ಒಂದೇ ಸಲ ಹೋಗುವ ಪತ್ರಕರ್ತನಿಗೆ ಸಿಗುವುದು ಈ ಕಥೆಗಳೇ. ಚೆಂದದ ಕಥೆಗಳು, ನಿಜ. ಆದರೆ ನಿನ್ನೆ ಬಂದವನಿಗೂ ಅವೇ ಸಿಕ್ಕಿದ್ದವು.

ಹೆಸರಾದ ಯಾವ ಕಲಾವಿದನಿಗೂ ಹೀಗೊಂದು ಗಂಟು ಇರುತ್ತದೆ. ಮೊದಲ ಭೇಟಿಯಲ್ಲಿ ಅದನ್ನು ಬಿಚ್ಚುತ್ತಾನೆ. ಎರಡನೇ ಭೇಟಿಯಲ್ಲಿ ಉಳಿದದ್ದನ್ನು ಕೊಡುತ್ತಾನೆ. ನಾಲ್ಕೈದು ಸಲ ಹೋದ ಮೇಲೆ ಗಂಟು ಖಾಲಿ. ಆಮೇಲೆ ಹೋದಾಗ ಅವನ ಬಳಿ ಇರುವುದು ಆವತ್ತು ಬೆಳಗ್ಗೆ ಮಾಡಿದ ಕೆಲಸ ಮಾತ್ರ. ಕೈಕೊಟ್ಟ ಕೆಲಸ, ಅರ್ಧಕ್ಕೆ ನಿಂತ ಯೋಚನೆ, ನಿನ್ನೆ ಹೇಳಿದ್ದು ಇವತ್ತು ತಪ್ಪು ಅನ್ನಿಸಿದ ಮಾತು. ನನಗೆ ಕೇಳಬೇಕಾದ್ದು ಅದು. ಅದಕ್ಕೇ ಪ್ರತಿ ಸಲ ಅದೇ ಒಬ್ಬರು ಹೋಗಬೇಕು, ಮತ್ತೆ ಮತ್ತೆ ಹೋಗಬೇಕು ಅನ್ನುತ್ತಿರುವುದು.

ನಮ್ಮ ತಾಲ್ಲೂಕಿನಲ್ಲಿ ಒಬ್ಬರಿದ್ದಾರೆ. ಹೆಸರು ಹೇಳುವುದಿಲ್ಲ, ಅವರಿಗೆ ಇಷ್ಟವಿಲ್ಲ. ಸಣ್ಣ ಕಾಫಿ ತೋಟ, ಹಂಚಿನ ಮನೆ. ಪಲ್ಪರ್ ಯಂತ್ರದ ಒಳಗೆ ಹಣ್ಣಿನ ಸಿಪ್ಪೆ ಸುಲಿಯಲು ಒಂದು ತಾಮ್ರದ ತಗಡು ಇರುತ್ತದಲ್ಲ, ಮೈತುಂಬ ಉಬ್ಬು ಉಬ್ಬು ಇರುವುದು, ಅದು ಸವೆದರೆ ಎಲ್ಲರೂ ಗುಜರಿಗೆ ಹಾಕುತ್ತಾರೆ. ಇವರು ಊರೂರು ಸುತ್ತಿ ಅದನ್ನು ತಂದು ಸೂರಿನ ಕೆಳಗೆ ತೂಗುಹಾಕುತ್ತಾರೆ. ಪಿಟೀಲಿನ ಕಮಾನಿನಿಂದ ಅದರ ಅಂಚು ಉಜ್ಜುತ್ತಾರೆ. ಬರುವ ಸದ್ದು ಹೇಗಿರುತ್ತದೆ ಎಂದು ಬರೆಯಲು ನನ್ನಿಂದಾಗುವುದಿಲ್ಲ, ಹೋಗಿ ಕೇಳಬೇಕು. ಇನ್ನೂ ಒಂದಿದೆ. ಅದೇ ತಗಡಿನ ಮೇಲೆ ಕಾಗದ ಇಟ್ಟು ಇದ್ದಿಲಿನಿಂದ ತಿಕ್ಕುತ್ತಾರೆ. ಉಬ್ಬುಗಳೆಲ್ಲ ಕಪ್ಪು ಚುಕ್ಕೆಗಳಾಗಿ ಮೂಡುತ್ತವೆ. ಸವೆದ ಕಡೆ ಚುಕ್ಕೆ ಮಂಕು. ನೋಡಿದವರಿಗೆ ಅದು ಚಿತ್ರ. ಅವರಿಗೆ ಅದು ನುಡಿಸಬೇಕಾದ ಸ್ವರದ ಹಾಳೆ. ಚುಕ್ಕೆ ಗಾಢವಾಗಿದ್ದಲ್ಲಿ ಒತ್ತಿ ಉಜ್ಜಬೇಕು, ಮಂಕಾಗಿದ್ದಲ್ಲಿ ಮೆತ್ತಗೆ. ಊರಲ್ಲಿ ಅವರಿಗೆ ‘ತಗಡು’ ಅಂತಲೇ ಅಡ್ಡಹೆಸರು.

ಒಂದು ರೇಡಿಯೊ ಕೇಂದ್ರದವರು ಅವರನ್ನು ಒಮ್ಮೆ ಸಂದರ್ಶನಕ್ಕೆ ಕರೆದರು. ಯಾವ ಕೇಂದ್ರ ಅನ್ನುವುದು ಇಲ್ಲಿ ಬೇಡ. ಸ್ಟುಡಿಯೊಗೆ ಬನ್ನಿ ಅಂದರು. ತಗಡು ಹೊತ್ತುಕೊಂಡು ಬಸ್ಸಿನಲ್ಲಿ ಹೋದರು. ಜೊತೆಗೆ ನಾನೂ ಇದ್ದೆ. ಮೆತ್ತನೆ ಗೋಡೆಯ ಕೋಣೆಯಲ್ಲಿ ತಗಡಿಗೆ ಉಸಿರೇ ಬರಲಿಲ್ಲ. ಆಮೇಲೆ ಪ್ರಶ್ನೆಗಳು. ಬಾಲ್ಯ, ಗುರುಗಳು, ಪ್ರೇರಣೆ. ಕೊನೆಗೆ ‘ಇದನ್ನು ಸಂಗೀತ ಅಂತ ಹೇಗೆ ಕರೆಯುತ್ತೀರಿ?’ ಅಂದರು. ಅವರು ಯೋಚನೆ ಮಾಡಿದರು. ಬಹಳ ಹೊತ್ತು. ಉದ್ಘೋಷಕರು ಗಾಜಿನಾಚೆ ಕೂತವರ ಮುಖ ನೋಡಿದರು. ಆಮೇಲೆ ತಗಡಿನವರು ನಿಧಾನವಾಗಿ, ‘ಗೊತ್ತಿಲ್ಲ. ಕರೆಯಲೇಬೇಕಾ?’ ಅಂದರು.

ಪ್ರಸಾರವಾದಾಗ ಆ ಮೌನ ಇರಲಿಲ್ಲ. ಪ್ರಶ್ನೆ ಮುಗಿದ ತಕ್ಷಣ ಉತ್ತರ. ‘ಗೊತ್ತಿಲ್ಲ, ಕರೆಯಲೇಬೇಕಾ?’ ಕೇಳಿದವರಿಗೆ ಅದು ಉಡಾಫೆಯ ಮಾತಿನಂತೆ ಕೇಳಿಸಿತು. ಊರಲ್ಲಿ ಒಂದಷ್ಟು ದಿನ ಅದನ್ನೇ ಹೇಳಿ ನಕ್ಕರು. ಯೋಚಿಸಿ ಆಡಿದ ಮಾತಿನಿಂದ ಯೋಚನೆಯನ್ನು ಮಾತ್ರ ಕತ್ತರಿಸಿದರೆ ಇನ್ನೇನಾಗುತ್ತದೆ? ಎಡಿಟ್ ಮಾಡಿದವರ ಮೇಲೆ ನನಗೆ ಸಿಟ್ಟಿಲ್ಲ. ಕೆಲವು ಸೆಕೆಂಡು ಸದ್ದಿಲ್ಲದಿದ್ದರೆ ಡ್ಯೂಟಿ ರೂಮಿಗೆ ಫೋನ್ ಬರುತ್ತದೆ, ರಿಪೋರ್ಟಿನಲ್ಲಿ ಬರೆಯಬೇಕಾಗುತ್ತದೆ. ಆ ಕುರ್ಚಿಯಲ್ಲಿ ಕೂತವಳಿಗೆ ಆ ಹೆದರಿಕೆ ಗೊತ್ತು. ಆದರೆ ಅರ್ಧ ಗಂಟೆಗೆ ಹಿಡಿಸಲು ಹೋದರೆ ಮೊದಲು ಹೋಗುವುದು ಮೌನವೇ. ಕೇಜ್ ಮತ್ತು ಫೆಲ್ಡ್‌ಮನ್ ಮಾತಿನ ನಡುವೆ ಇರುವ ಮೌನಗಳನ್ನು ತೆಗೆದರೆ ಆ ರೆಕಾರ್ಡಿಂಗ್ ಅರ್ಧ ಸತ್ತಂತೆ.

ಅಮೆರಿಕದ ಇನ್ನೊಂದು ತುದಿಯಲ್ಲಿ, ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, ಕೆಪಿಎಫ್‌ಎ ಎಂಬ ಕೇಂದ್ರವಿದೆ. 1949ರಲ್ಲಿ ಶುರುವಾದದ್ದು. ಜಾಹೀರಾತಿಲ್ಲ, ಕೇಳುವವರು ಕೊಟ್ಟ ಚಂದಾದಿಂದ ನಡೆಯುವ ಕೇಂದ್ರ. ಅಲ್ಲಿ 1969ರಿಂದ 1992ರ ತನಕ ಸಂಗೀತ ವಿಭಾಗ ನೋಡಿಕೊಂಡವರು ಚಾರ್ಲ್ಸ್ ಅಮೀರ್‌ಖಾನಿಯನ್. ಸ್ವತಃ ಸದ್ದು, ಮಾತು ಇಟ್ಟುಕೊಂಡು ಪ್ರಯೋಗ ಮಾಡುವ ರಚನೆಕಾರ. ಅಷ್ಟು ವರ್ಷ ಒಂದೇ ಕುರ್ಚಿಯಲ್ಲಿ ಕೂತು, ಹೊಸ ಸಂಗೀತದವರನ್ನು ಮತ್ತೆ ಮತ್ತೆ ಮೈಕಿನ ಮುಂದೆ ಕೂರಿಸಿದರು. ಅವರಲ್ಲಿ ನನಗೆ ತುಂಬ ಇಷ್ಟವಾದವನು ಕಾನ್ಲನ್ ನ್ಯಾನ್‌ಕಾರೊ.

ನ್ಯಾನ್‌ಕಾರೊ ಹುಟ್ಟಿದ್ದು 1912ರಲ್ಲಿ, ಅಮೆರಿಕದ ಅರ್ಕಾನ್ಸಾಸ್‌ನಲ್ಲಿ. ಸ್ಪೇನಿನ ಅಂತರ್ಯುದ್ಧದಲ್ಲಿ ಫ್ರಾಂಕೊ ವಿರುದ್ಧ ಹೋರಾಡಿ ವಾಪಸ್ ಬಂದ. ಅಮೆರಿಕ ಸರ್ಕಾರ ಪಾಸ್‌ಪೋರ್ಟ್ ಕೊಡಲಿಲ್ಲ. 1940ರಲ್ಲಿ ಮೆಕ್ಸಿಕೊ ಸಿಟಿಗೆ ಹೋದವನು ಅಲ್ಲೇ ನೆಲೆಸಿದ. ಅವನ ತಲೆಯಲ್ಲಿದ್ದ ಸಂಗೀತ ಮನುಷ್ಯರ ಬೆರಳಿಗೆ ಸಿಗುವಂಥದ್ದಲ್ಲ. ಒಂದೇ ಹೊತ್ತಿಗೆ ಹಲವು ಲಯ, ಒಂದು ದನಿ ವೇಗ ಏರಿಸುತ್ತಾ ಹೋದರೆ ಇನ್ನೊಂದು ನಿಧಾನವಾಗುತ್ತಾ ಬರುವುದು. ಅದಕ್ಕೆ ಅವನು ಹಿಡಿದದ್ದು ತಾನೇ ನುಡಿಯುವ ಪಿಯಾನೊ. ಉದ್ದನೆಯ ಕಾಗದದ ಸುರುಳಿಗೆ ತೂತು ಹಾಕಿ ಒಳಗೆ ಹಾಕಿದರೆ, ತೂತು ಬಂದಲ್ಲಿ ಸ್ವರ ನುಡಿಯುತ್ತದೆ. ಒಂದೊಂದು ತೂತನ್ನೂ ಕೈಯಿಂದಲೇ ಹೊಡೆದ. ಕೆಲವೇ ನಿಮಿಷದ ಒಂದು ರಚನೆಗೆ ತಿಂಗಳುಗಟ್ಟಲೆ. ಹೀಗೆ ದಶಕಗಳು ಕಳೆದವು. ಕೇಳಿದವರು ಬೆರಳೆಣಿಕೆಯಷ್ಟು ಜನ.

ಅವನು ಸಂಕೋಚದ ಮನುಷ್ಯ. ಮಾತು ಕಡಿಮೆ. 1977ರಲ್ಲಿ ಅಮೀರ್‌ಖಾನಿಯನ್ ಮೆಕ್ಸಿಕೊ ಸಿಟಿಗೇ ಹೋದರು. ಅವನ ಸ್ಟುಡಿಯೊದಲ್ಲಿ, ಅವನದೇ ಪಿಯಾನೊಗಳನ್ನು ರೆಕಾರ್ಡ್ ಮಾಡಿದರು. ಅವನ ಜೊತೆ ಕೂತು ಮಾತಾಡಿದರು. ಪಿಯಾನೊವನ್ನು ಕ್ಯಾಲಿಫೋರ್ನಿಯಾಗೆ ತರಿಸಲಿಲ್ಲ ಅನ್ನುವುದನ್ನು ದಯವಿಟ್ಟು ಗಮನಿಸಿ. ಆ ರೆಕಾರ್ಡಿಂಗುಗಳು ಎಲ್‌ಪಿಗಳಾಗಿ ಹೊರಬಂದವು. 1980ರಲ್ಲಿ ಹಂಗೇರಿ ಮೂಲದ ದೊಡ್ಡ ರಚನೆಕಾರ ಗ್ಯೋರ್ಗಿ ಲಿಗೆಟಿಗೆ ಪ್ಯಾರಿಸ್ಸಿನ ಅಂಗಡಿಯಲ್ಲಿ ಅವು ಸಿಕ್ಕವು. ಮುಂದಿನ ಜನವರಿಯಲ್ಲಿ ಲಿಗೆಟಿ ಕಾಗದ ಬರೆದ, ಇದಕ್ಕಿಂತ ದೊಡ್ಡ ಶೋಧ ಬಹುಕಾಲದಿಂದ ಆಗಿಲ್ಲ ಎಂಬರ್ಥದಲ್ಲಿ. ಬರೆದದ್ದು ಯಾರಿಗೆ? ಅಮೀರ್‌ಖಾನಿಯನ್‌ಗೆ. ಅಂದರೆ ರೇಡಿಯೊದವರಿಗೆ. 1982ರಲ್ಲಿ ನ್ಯಾನ್‌ಕಾರೊಗೆ ಮ್ಯಾಕಾರ್ಥರ್ ಫೆಲೋಶಿಪ್ ಬಂತು, 3 ಲಕ್ಷ ಡಾಲರ್. ಅವನಿಗೆ 70 ತುಂಬಿದ್ದು ಅದೇ ವರ್ಷ.

ಫೆಲೋಶಿಪ್ ಬರಲಿ ಅಂತ ನಾನು ಇದನ್ನು ಹೇಳುತ್ತಿಲ್ಲ. ಮನೆ ಮೂಲೆಯಲ್ಲಿ ಕೂತು ತೂತು ಹೊಡೆಯುವವನ ಬಳಿಗೆ ಯಾರಾದರೂ ಮೈಕ್ ಹಿಡಿದು ಹೋಗಬೇಕಿತ್ತು. ವಿಶ್ವವಿದ್ಯಾಲಯ, ಪತ್ರಿಕೆ ಎಲ್ಲ ಇದ್ದ ದೇಶದಲ್ಲೂ ಆ ಕೆಲಸದಲ್ಲಿ ದೊಡ್ಡ ಪಾಲು ಒಂದು ಊರಿನ ರೇಡಿಯೊದವರದ್ದು.

‘ಇದನ್ನೆಲ್ಲ ಯಾರಮ್ಮ ಕೇಳುತ್ತಾರೆ?’ ಅಂತ ನೀವು ಅಂದುಕೊಳ್ಳುತ್ತಿದ್ದೀರಿ. ಗೊತ್ತು. ನಾನು ಕೆಲಸದಲ್ಲಿದ್ದಾಗಲೂ ಮೀಟಿಂಗಿನಲ್ಲಿ ಮೊದಲು ಬರುತ್ತಿದ್ದ ಪ್ರಶ್ನೆ ಅದೇ. ಸಿಟ್ಟು ಮಾಡಿಕೊಂಡಾದರೂ ಕೇಳುತ್ತಾರೆ ಅನ್ನುವುದು ಒಂದು ಉತ್ತರ. 1954ರ ಡಿಸೆಂಬರ್ 2ರಂದು ಪ್ಯಾರಿಸ್ಸಿನಲ್ಲಿ ಎಡ್ಗರ್ ವರೇಸ್ ಎಂಬ ರಚನೆಕಾರ ತನ್ನ ಹೊಸ ರಚನೆಯಲ್ಲಿ ವಾದ್ಯಗಳ ನಡುವೆ ಟೇಪಿನ ಸದ್ದು ಸೇರಿಸಿದಾಗ ಸಭೆಯಲ್ಲಿ ದೊಡ್ಡ ಗಲಾಟೆಯಾಯಿತು. ಫ್ರೆಂಚ್ ರೇಡಿಯೊ ಅದನ್ನು ನೇರ ಪ್ರಸಾರ ಮಾಡುತ್ತಿತ್ತು. ಹೆದರಿ ದೂರ ಸರಿಯಲಿಲ್ಲ. ಅದೇ ಚಳಿಗಾಲದಲ್ಲಿ ಜಾರ್ಜ್ ಶಾರ್ಬೊನಿಯೆ ಎಂಬ ರೇಡಿಯೊದವರು ವರೇಸ್ ಜೊತೆ ಸರಣಿ ಮಾತುಕತೆ ನಡೆಸಿದರು. ಮುಂದೆ ಅದು ಪುಸ್ತಕವೂ ಆಯಿತು.

ಎರಡನೇ ಉತ್ತರ ನಮ್ಮಲ್ಲೇ ಇದೆ. ಕೃಷಿರಂಗ ತೆಗೆದುಕೊಳ್ಳಿ. ಮೆಣಸಿಗೆ ಸೊರಗು ರೋಗ ಬಂದರೆ ನಮ್ಮವರು ತೋಟಕ್ಕೇ ಹೋಗುತ್ತಾರೆ. ಮಳೆಗೆ ಮೊದಲು ಮದ್ದು ಹೊಡೆದಾಗ ಒಂದು ಸಲ, ಮಳೆ ಮುಗಿದ ಮೇಲೆ ಇನ್ನೊಂದು ಸಲ. ‘ಹೋದ ವರ್ಷ ಹೀಗಂದಿದ್ರಿ, ಈ ವರ್ಷ ಬಳ್ಳಿ ಹೇಗಿದೆ?’ ಅಂತ ಕೇಳುತ್ತಾರೆ. ರೈತನೂ ‘ಇಲ್ಲ ಸಾರ್, ಆ ಉಪಾಯ ಕೈ ಹಿಡೀಲಿಲ್ಲ’ ಅಂತ ನೇರವಾಗಿ ಹೇಳುತ್ತಾನೆ. ಯಾರೂ ಸಂದೇಶ ಕೇಳುವುದಿಲ್ಲ. ಆ ಕಾರ್ಯಕ್ರಮದ ಭಾಷೆ, ಆ ಸಲಿಗೆ, ಆ ತಾಳ್ಮೆ ನಮ್ಮ ರೇಡಿಯೊಗೆ ಬರುತ್ತದೆ. ಸಂಗೀತ, ಕಲೆ ಅಂದ ಕೂಡಲೇ ಯಾಕೆ ಶಾಲು ಹೊದಿಸಿ ಹಾರ ಹಾಕುವ ದನಿ ಬಂದುಬಿಡುತ್ತದೆ? ಬಳ್ಳಿಗೆ ಹೊಡೆಯುವ ಬೋರ್ಡೋ ದ್ರಾವಣದ ಬಗ್ಗೆ ಮಾತಾಡುವ ಹಾಗೆ ತಾಮ್ರದ ತಗಡಿನ ಬಗ್ಗೆಯೂ ಮಾತಾಡಿ. ಕೇಳುತ್ತಾರೆ.

ಈ ಜಿಲ್ಲೆಗೂ ರೇಡಿಯೊಗೂ ಹಳೇ ನಂಟು. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಿಂದ ಬಂದ ಗಾಯಕ ಆರ್.ಕೆ. ಶ್ರೀಕಂಠನ್ ದಶಕಗಳ ಕಾಲ ಆಕಾಶವಾಣಿಯಲ್ಲಿ ಕೆಲಸ ಮಾಡಿದವರು. ಅವರದು ಶುದ್ಧ ಸಂಪ್ರದಾಯದ ಹಾದಿ, ನಾನು ಕೇಳುತ್ತಿರುವುದು ಅದಲ್ಲ. ಆದರೆ ಸಂಗೀತಗಾರನಿಗೆ ರೇಡಿಯೊದಲ್ಲಿ ಒಂದು ಕುರ್ಚಿ, ಒಂದು ಸಂಬಳ, ಬೇಕಾದಷ್ಟು ವರ್ಷ ಸಿಕ್ಕಿತ್ತು ಅನ್ನುವುದನ್ನು ನೆನಪಿಸಬೇಕು. ಅದಕ್ಕೂ ಮುಂಚೆ, 1935ರಲ್ಲಿ, ಮೈಸೂರಿನಲ್ಲಿ ಮನೆಯಲ್ಲೇ ರೇಡಿಯೊ ಕೇಂದ್ರ ಶುರುಮಾಡಿದ ಎಂ.ವಿ. ಗೋಪಾಲಸ್ವಾಮಿ ಮನಶ್ಶಾಸ್ತ್ರದ ಮೇಷ್ಟ್ರು. ಇವತ್ತಾಗಿದ್ದರೆ ಅವರನ್ನೂ ಯಾರೋ ಸ್ಟುಡಿಯೊಗೆ ಕರೆದು, ಇದರಿಂದ ಏನು ಉಪಯೋಗ ಅಂತ ಕೇಳುತ್ತಿದ್ದರೇನೋ.

ಇನ್ನು ಉಳಿಸುವ ವಿಚಾರ. ಇಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಸಹಿಸಿಕೊಳ್ಳಿ.

1946ರಲ್ಲಿ ಅಹಮದಾಬಾದಿನ ಗೀತಾ ಸಾರಾಭಾಯಿ ಪಶ್ಚಿಮದ ಸಂಗೀತ ಕಲಿಯಲು ನ್ಯೂಯಾರ್ಕಿಗೆ ಹೋದರು. ಕಲಿಸಿದವನು ಇದೇ ಜಾನ್ ಕೇಜ್. ದುಡ್ಡು ಬೇಡ, ಬದಲಿಗೆ ನನಗೆ ಭಾರತದ ಸಂಗೀತ ಹೇಳಿಕೊಡಿ ಅಂದ. ಸಂಗೀತ ಯಾತಕ್ಕೆ ಅಂತ ನಿಮ್ಮ ಗುರುಗಳು ಏನು ಹೇಳುತ್ತಾರೆ ಎಂದು ಕೇಳಿದ. ಮನಸ್ಸನ್ನು ತಿಳಿಯಾಗಿಸಿ, ದೈವದ ಪ್ರಭಾವಕ್ಕೆ ತೆರೆದಿಡಲು ಎಂದರು ಗೀತಾ. ಆ ಮಾತನ್ನು ಅವನು ಸಾಯುವವರೆಗೆ ಹೇಳುತ್ತಿದ್ದ. ಆಗಿನ ಪಿಯಾನೊ ರಚನೆಗಳ ಹಿಂದೆ ನಮ್ಮ ನವರಸಗಳ ಯೋಚನೆಯೂ ಇದೆ. ಆ ಕೆಲವು ತಿಂಗಳ ಪಾಠದಲ್ಲಿ ಇನ್ನೇನೇನು ಮಾತಾಯಿತೋ! ನಮಗೆ ಸಿಕ್ಕಿರುವುದು ಅವನು ಮತ್ತೆ ಮತ್ತೆ ಹೇಳಿದ ಒಂದೆರಡು ವಾಕ್ಯ. ಅವರಿಬ್ಬರ ನಡುವೆ ಒಂದು ಮೈಕ್ ಇದ್ದಿದ್ದರೆ ಅನ್ನಿಸುವುದಿಲ್ಲವಾ?

1969ರಲ್ಲಿ ಡೇವಿಡ್ ಟ್ಯೂಡರ್, ಆ ನಾಲ್ಕೂವರೆ ನಿಮಿಷ ಸುಮ್ಮನೆ ಕೂತವನೇ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದು, ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಮೂಗ್ ಸಿಂಥಸೈಜರ್ ಇಟ್ಟು ಎಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೊ ಹಾಕಿಕೊಟ್ಟ. ಮುಂದಿನ ಮೂರ್ನಾಲ್ಕು ವರ್ಷ ಗೀತಾ ಸಾರಾಭಾಯಿ, ಅತುಲ್ ದೇಸಾಯಿ, ಎಸ್.ಸಿ. ಶರ್ಮ, ಐ.ಎಸ್. ಮಾಥುರ್, ಜಿನರಾಜ್ ಜೋಶಿಪುರ ಮುಂತಾದವರು ಅಲ್ಲಿ ಪ್ರಯೋಗ ಮಾಡಿದರು. ಆಮೇಲೆ ಎಲ್ಲರೂ ಮರೆತರು. ನಾಲ್ಕು ದಶಕಕ್ಕೂ ಜಾಸ್ತಿ ಕಾಲ ಆ ಟೇಪುಗಳು ಅಲ್ಲೇ ಬಿದ್ದಿದ್ದವು. ಲಂಡನ್ನಿನ ಕಲಾವಿದ ಪಾಲ್ ಪರ್ಗಾಸ್ ಹುಡುಕಿ ತೆಗೆದ. 2020ರಲ್ಲಿ ಬಿಬಿಸಿ ರೇಡಿಯೊ 3ರಲ್ಲಿ ಅದರ ಬಗ್ಗೆ ಕಾರ್ಯಕ್ರಮ ಮಾಡಿದ. 2023ರಲ್ಲಿ ರೆಕಾರ್ಡೂ ಬಂತು. ಟೇಪು ಬಿಸಾಡದೆ ಇಟ್ಟಿದ್ದರು, ಅದಕ್ಕೆ ಸಿಕ್ಕಿತು. ಅಷ್ಟೇ.

ಆದರೆ ಸಕಲೇಶಪುರದ ತೇವದಲ್ಲಿ, ಮೂಡಿಗೆರೆಯ ತೇವದಲ್ಲಿ ಸುಮ್ನೆ ಇಟ್ಟರೆ ಏನೂ ಉಳಿಯುವುದಿಲ್ಲ. ಆಗಸ್ಟಿನಲ್ಲಿ ಬೀರು ತೆಗೆದರೆ ಚಪ್ಪಲಿಗೂ ಬೂಷ್ಟು, ಪುಸ್ತಕಕ್ಕೂ ಬೂಷ್ಟು. ಕ್ಯಾಸೆಟ್ಟು ಬಿಡುತ್ತದಾ? ಜೊತೆಗೆ, ಟೇಪು ಸಾಲದು ಅಂತ ಹಳೆಯದರ ಮೇಲೇ ಹೊಸದನ್ನು ತುಂಬುವ ಅಭ್ಯಾಸ ರೇಡಿಯೊದವರಲ್ಲಿ ಒಂದು ಕಾಲಕ್ಕೆ ಲೋಕದ ಎಲ್ಲ ಕಡೆ ಇತ್ತು. ಬಿಬಿಸಿಯವರೂ ಎಷ್ಟೋ ಅಳಿಸಿದ್ದಾರೆ. ಈಗ ಆ ನೆಪ ಇಲ್ಲ. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ, ಮೊನೊದಲ್ಲಿ, ಒತ್ತಿ ಕುಗ್ಗಿಸದ ವೇವ್ ಫೈಲು ಮಾಡಿದರೆ ಗಂಟೆಗೆ ಸುಮಾರು 520 ಎಂಬಿ. ನೂರು ಗಂಟೆಯ ಮಾತು 52 ಜಿಬಿ. ಅಂಗಡಿಯಲ್ಲಿ ಸಿಗುವ 64 ಜಿಬಿ ಪೆನ್‌ಡ್ರೈವ್‌ನಲ್ಲಿ ಹಿಡಿಸುತ್ತದೆ. ಪೆನ್‌ಡ್ರೈವ್ ನಂಬಿ ಕೂರಬೇಡಿ, ಇನ್ನೆರಡು ಕಡೆ ನಕಲು ಇಡಿ. ಒಂದು ನಿಮ್ಮ ಕೇಂದ್ರದಲ್ಲಿ, ಒಂದು ಬೇರೆ ಊರಲ್ಲಿ. ಕಲಾವಿದರಿಗೂ ಒಂದು ಪ್ರತಿ ಕೊಡಿ, ಅದು ಅವರ ಮಾತು. ಎಡಿಟ್ ಮಾಡಿದ ಪ್ರಸಾರದ ಪ್ರತಿ ಬೇರೆ, ಕತ್ತರಿ ಮುಟ್ಟದ ಮೂಲ ಬೇರೆ. ಮೂಲವನ್ನು ಯಾರೂ ಮುಟ್ಟಬಾರದು. ಕೆಪಿಎಫ್‌ಎಯ ಸಾವಿರಾರು ಗಂಟೆಯ ಸಂಗೀತ ಟೇಪುಗಳು ಮುಂದೆ ಅಮೀರ್‌ಖಾನಿಯನ್ ಕಟ್ಟಿದ ‘ಅದರ್ ಮೈಂಡ್ಸ್’ ಸಂಸ್ಥೆಗೆ ಬಂದು, ಡಿಜಿಟಲ್ ಆಗಿ, ಅಂತರಜಾಲದಲ್ಲಿ ಬಿಟ್ಟಿಯಾಗಿ ಸಿಗುತ್ತಿವೆ. ಸಕಲೇಶಪುರದಲ್ಲಿ ಕೂತು ನಾನು ಕೇಳಿದ್ದು ಹಾಗೆ.

ಬೇಲೂರಿನಲ್ಲಿ ಮದನಿಕೆಯರ ಪೀಠದ ಮೇಲೆ ಶಿಲ್ಪಿಗಳ ಹೆಸರು ಕೆತ್ತಿದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಹೊಸ ಊರಿಗೆ ಬಂದು, ಕಲ್ಲಿನಲ್ಲಿ ಅಲ್ಲಿಯವರೆಗೆ ಯಾರೂ ಮಾಡದ ಕೆಲಸ ಮಾಡಿ, ಹೆಸರು ಬರೆದುಹೋದವರು. ಹೆಸರು ಗೊತ್ತು, ಊರು ಗೊತ್ತು. ಅಪ್ಪ ಮಗನ ನಡುವೆ ಉಳಿಯ ಬಗ್ಗೆ ಏನು ಜಗಳವಾಯಿತು, ಯಾವ ಕಲ್ಲು ಒಡೆಯಿತು, ಗೊತ್ತಿಲ್ಲ. 12ನೇ ಶತಮಾನದವರನ್ನು ಬೈಯುವಂತಿಲ್ಲ, ಅವರ ಬಳಿ ಮೈಕ್ ಇರಲಿಲ್ಲ.

ಯಾರನ್ನು ಮಾತಾಡಿಸಬೇಕು ಅನ್ನುವುದು ನಿಮಗೆ ಬಿಟ್ಟದ್ದು. ತಗಡಿನವರೇ ಆಗಬೇಕೆಂದಿಲ್ಲ. ತರೀಕೆರೆ ಕಡೆ ವೀರಗಾಸೆಯ ಸಮಾಳದ ಪೆಟ್ಟನ್ನು ಲ್ಯಾಪ್‌ಟಾಪಿನಲ್ಲಿ ಹಾಕಿ ತಿರುಚುತ್ತಿರುವ ಹುಡುಗ ಇರಬಹುದು. ಅರಸೀಕೆರೆಯಲ್ಲಿ ತೆಂಗಿನ ಗರಿಯಿಂದ ಏನೋ ಕಟ್ಟುತ್ತಿರುವ ಹೆಂಗಸು ಇರಬಹುದು. ಹುಡುಕಿದರೆ ಸಿಗುತ್ತಾರೆ. ಪ್ರಶಸ್ತಿ ಪಟ್ಟಿ ನೋಡಿ ಹುಡುಕಿದರೆ ಸಿಗುವುದಿಲ್ಲ.

ಯಾರನ್ನು ಕಳಿಸಬೇಕು ಅನ್ನುವುದರ ಬಗ್ಗೆ ಮಾತ್ರ ನನಗೆ ಒಂದು ಹಟ ಇದೆ. ಅರೆಕಾಲಿಕ ಉದ್ಘೋಷಕರಲ್ಲಿ ಒಬ್ಬರನ್ನು ಕಳಿಸಿ. ಅವರಲ್ಲಿ ತುಂಬ ಒಳ್ಳೆಯ ಕಿವಿಯವರಿದ್ದಾರೆ. ಆದರೆ ಮುಂದಿನ ತಿಂಗಳು ಡ್ಯೂಟಿ ಸಿಗುತ್ತದೋ ಇಲ್ಲವೋ ಅನ್ನುವ ಚಿಂತೆಯಲ್ಲಿರುವವರು ಮೂರು ವರ್ಷದ ಮಾತುಕತೆ ಹೇಗೆ ನಡೆಸುತ್ತಾರೆ? ಮೂರು ವರ್ಷಕ್ಕೆ ಲಿಖಿತ ಒಪ್ಪಂದ ಕೊಡಿ. ಬಸ್ ಚಾರ್ಜು ಕೊಡಿ. ಸ್ಟುಡಿಯೊ ಗಂಟೆಗೆ ಕೊಡುವಷ್ಟೇ ಸಂಭಾವನೆಯನ್ನು ತೋಟದಲ್ಲಿ ಕೂತ ಗಂಟೆಗೂ ಕೊಡಿ, ಏನೂ ರೆಕಾರ್ಡ್ ಆಗದೆ ವಾಪಸ್ ಬಂದ ದಿನಕ್ಕೂ ಕೊಡಿ. ಅಂಥ ದಿನಗಳು ಬರುತ್ತವೆ. ಎದುರಿಗಿರುವವರಿಗೆ ಮಾತಾಡಲು ಮನಸ್ಸಿಲ್ಲದಿದ್ದರೆ ಕಾಫಿ ಕುಡಿದು ಬರಬೇಕು. ಪ್ರಸಾರಕ್ಕೆ ತಿಂಗಳಿಗೊಂದು ಅರ್ಧ ಗಂಟೆ ಸಾಕು, ರಾತ್ರಿ ತಡವಾದರೂ ಅಡ್ಡಿಯಿಲ್ಲ.

ಕಲಾವಿದರ ಸಹಿ ಬೇಕಾಗುತ್ತದೆ. ಆ ಫಾರಂ ದಯವಿಟ್ಟು ಕನ್ನಡದಲ್ಲಿ ಇರಲಿ. ಎಲ್ಲ ಹಕ್ಕು ನಮ್ಮದೇ ಅಂತ ಬರೆಸಿಕೊಳ್ಳಬೇಡಿ.

ತಗಡಿನವರನ್ನು ನಾನು ಕೇಳಿ ನೋಡಿದೆ. ಮೊದಲು ಬೇಡ ಅಂದರು. ಆಮೇಲೆ, ಕೊಯ್ಲು ಮುಗಿಯುವ ತನಕ ಪುರುಸೊತ್ತಿಲ್ಲ, ಶಿವರಾತ್ರಿ ಕಳೆದ ಮೇಲೆ ಬೇಕಾದರೆ ಬರಲಿ ಅಂದರು. ಒಂದು ಷರತ್ತು ಹಾಕಿದ್ದಾರೆ. ಪ್ರತಿ ಸಲ ಅದೇ ಜನ ಬರಬೇಕಂತೆ, ಬಂದ ಬಂದವರಿಗೆಲ್ಲ ಮೊದಲಿಂದ ಬಾಲ್ಯ ಹೇಳಿಕೊಂಡು ಕೂರಲು ಅವರಿಂದಾಗದಂತೆ. ನೀವು ಹೂಂ ಅಂದರೆ ಯಾರು ಬರುತ್ತಾರೆ ಅಂತ ಮುಂಚೆಯೇ ತಿಳಿಸಿ, ಮನೆಗೆ ದಾರಿ ನಾನು ತೋರಿಸುತ್ತೇನೆ.

ಇಂತಿ,
ನಿಮ್ಮ ಹಳೇ ಉದ್ಘೋಷಕಿ, ಸಕಲೇಶಪುರದ ಕಡೆಯಿಂದ